ಬೋರಣ್ಣನ ಮೇಲೊಂದು ಕಣ್ಣು

ಪೊಲೀಸ್ ಕೆಲಸಕ್ಕೆ ಸೇರಿದ ಮೇಲೆ ನನಗೆ ಅಂಟಿಕೊಂಡ ಕಾಯಿಲೆ ಅಂದರೆ ಅನುಮಾನ. ಹಾಲಿನವನು ಬೆಳಿಗ್ಗೆ ಬೆಳಿಗ್ಗೆ ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಅನ್ನಿಸುತ್ತದೆ. ನಮ್ಮತ್ತೆ ಕೇಳದೆಯೇ ಕಾಫಿ ಕೊಟ್ಟರೆ ಅವರ ಕಡೆಯ ನೆಂಟರು ಯಾರೋ ಬರುವವರಿದ್ದಾರೆ ಅಂತ ಲೆಕ್ಕ. ‘ಚೈತ್ರಾ, ನೀನು ಗುಡಿಗೆ ಬಂದರೂ ದೇವರ ಮುಖ ನೋಡಲ್ಲ, ಪೂಜಾರಿ ಕೈ ನೋಡ್ತೀಯ’ ಅಂತ ನನ್ನ ಗಂಡ ಆಡಿಕೊಳ್ಳುತ್ತಾನೆ. ನೋಡಬೇಕಲ್ಲ ಮತ್ತೆ!

ಇಂಥ ನಾನು ನಮ್ಮ ಸ್ಟೇಷನ್ನಿನಲ್ಲಿ ಒಬ್ಬರನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ. ಅವರು ಜೀಪಿನ ಡ್ರೈವರ್ ಬೋರಲಿಂಗಯ್ಯ. ನಮಗೆಲ್ಲ ಬೋರಣ್ಣ. ಕೊನೆಗೆ ಅವರ ಮೇಲೆ ಕಣ್ಣಿಡುವ ಕೆಲಸವೇ ನನ್ನ ಕೊರಳಿಗೆ ಬಿತ್ತು.

ಸ್ಟೇಷನ್ ಯಾವುದು ಅಂತ ಕೇಳಬೇಡಿ. ಚನ್ನಪಟ್ಟಣದ ಆಸುಪಾಸು ಅಂದರೆ ಸಾಕು. ನನಗೆ ಇನ್ನೂ ಸರ್ವೀಸ್ ಇದೆ.

ಬೋರಣ್ಣನ ಊರು ಮಾಗಡಿ ತಾಲ್ಲೂಕಿನ ಕಲ್ಯ. ಇಲಾಖೆಗೆ ಸೇರಿದ್ದು ಡ್ರೈವರ್ ಆಗಿ, ನಿವೃತ್ತಿಯ ಹೊಸ್ತಿಲಿಗೆ ಬಂದದ್ದೂ ಡ್ರೈವರ್ ಆಗಿಯೇ. ಕಿಟಕಿಯ ಮೇಲೆ ಇಟ್ಟೂ ಇಟ್ಟೂ ಅವರ ಬಲಗೈ ಎಡಗೈಗಿಂತ ಕಪ್ಪಾಗಿತ್ತು. ಡ್ರೈವರ್ ಅಂದರೆ ಎಲ್ಲ ಕೇಸಿನಲ್ಲೂ ಇರುವವನು, ಯಾವ ಕೇಸಿನಲ್ಲೂ ಇಲ್ಲದವನು. ಒಳಗೆ ನುಗ್ಗುವವರು ನಾವು, ಗಾಡಿ ಕಾಯುವವರು ಅವರು. ಹಿಡಿದ ಮಾಲನ್ನು ಮೇಜಿನ ಮೇಲೆ ಹರಡಿಕೊಂಡು ನಾವೆಲ್ಲ ಪೇಪರಿನ ಫೋಟೋಗೆ ಸಾಲಾಗಿ ನಿಂತರೆ, ಬೋರಣ್ಣ ಫೋಟೋ ತೆಗೆಯುವವನ ಹಿಂದೆ ನಿಂತು ‘ಒಸಿ ಒತ್ತಾಗಿ ನಿಂತ್ಕಳ್ಳಿ’ ಅನ್ನುತ್ತಿದ್ದರು. ಇನ್‌ಸ್ಪೆಕ್ಟರುಗಳು ಬಂದರು, ಹೋದರು. ಜೀಪು ಹೋಗಿ ಬೊಲೆರೊ ಬಂತು. ನಮ್ಮ ಬಾಯಲ್ಲಿ ಅದು ಈಗಲೂ ಜೀಪೇ. ಸ್ಟೇರಿಂಗ್ ಹಿಂದೆ ಮಾತ್ರ ಅದೇ ಬೋರಣ್ಣ.

ಅವರಿಗೆ ಒಂದು ಪದ್ಧತಿ ಇತ್ತು. ದಾಳಿಗೆ ಹೊರಟ ದಿನ ಸ್ಟೇಷನ್ ಗೇಟು ದಾಟಿ ದೊಡ್ಡ ರಸ್ತೆ ಸೇರುವಲ್ಲಿ, ಮಾರಮ್ಮನ ಪುಟ್ಟ ಗುಡಿಯ ಮುಂದೆ ಗಾಡಿ ನಿಲ್ಲಿಸುತ್ತಿದ್ದರು. ಗುಡಿಯ ಪಕ್ಕ ನಾಗಲಕ್ಷ್ಮಮ್ಮನ ಹೂವಿನ ಅಂಗಡಿ. ಅವಳ ಹತ್ತಿರ ನಾಲ್ಕು ನಿಂಬೆಹಣ್ಣು ತೆಗೆದುಕೊಂಡು ನಾಲ್ಕು ಚಕ್ರದ ಕೆಳಗೆ ಇಟ್ಟು, ಒಂದು ಸುತ್ತು ನೋಡಿ, ಮೇಲೆ ಕೂತು ಗಾಡಿ ಹತ್ತಿಸುತ್ತಿದ್ದರು. ನಿಂಬೆಹಣ್ಣು ಪಚ್ ಅನ್ನುತ್ತಿದ್ದಂತೆ ಒಳಗಿದ್ದ ನಾವೆಲ್ಲ ಕೈ ಮುಗಿಯುತ್ತಿದ್ದೆವು. ಬಂದೋಬಸ್ತಿಗೆ, ಸಮನ್ಸ್ ಜಾರಿಗೆ ಹೋಗುವಾಗ ಇದೆಲ್ಲ ಇಲ್ಲ, ದಾಳಿಗೆ ಮಾತ್ರ. ಹಿಂದೆ ಕನಕಪುರ ರಸ್ತೆಯಲ್ಲಿ ದಾಳಿಗೆ ಹೋಗುವಾಗ ಜೀಪು ಮಗುಚಿ, ಪಕ್ಕದಲ್ಲಿ ಕೂತಿದ್ದ ಪೇದೆ ಇವರ ತೊಡೆಯ ಮೇಲೇ ಪ್ರಾಣ ಬಿಟ್ಟಿದ್ದನಂತೆ. ಹಾಗಾಗಿ ನಿಂಬೆಹಣ್ಣಿನ ಬಗ್ಗೆ ಯಾರೂ ತಮಾಷೆ ಮಾಡುತ್ತಿರಲಿಲ್ಲ.

ಅಷ್ಟರಲ್ಲಿ ಬೆಂಗಳೂರಿನ ಕ್ರೈಂ ಬ್ರಾಂಚಿನಿಂದ ಪುನೀತ್ ಅಂತ ಹೊಸ ಇನ್‌ಸ್ಪೆಕ್ಟರ್ ಬಂದರು. ಸಣ್ಣ ವಯಸ್ಸು, ಇಸ್ತ್ರಿ ಮಾಡಿದ ಮಾತು. ಬಂದ ವಾರವೇ ಜೂಜು, ಮಟ್ಕಾ ಹಿಡಿಯಲು ಅಂತ ನಾವು ನಾಲ್ಕು ಜನರ ತಂಡ ಕಟ್ಟಿದರು. ಅವರ ಕಣ್ಣು ಬಿದ್ದದ್ದು ನೇರವಾಗಿ ಅಶೋಕನ ಅಡ್ಡೆಯ ಮೇಲೆ.

ಅಶೋಕ್ ನಮ್ಮ ಕಡೆಯ ಯುವ ನಾಯಕ. ವಯಸ್ಸು ನಲವತ್ತೆಂಟು. ರಾಜಕೀಯದಲ್ಲಿ ಅದು ಯೌವನ. ಹಬ್ಬ ಯಾವುದೇ ಇರಲಿ, ಫ್ಲೆಕ್ಸಿನಲ್ಲಿ ದೇವರಿಗಿಂತ ದೊಡ್ಡದಾಗಿ ಕೈ ಮುಗಿದು ನಿಂತಿರುತ್ತಾನೆ. ವಿರೂಪಾಕ್ಷಿಪುರದಿಂದ ಆಚೆಗೆ ಅವನ ಮಾವಿನ ತೋಟ. ಭಾನುವಾರ ಮಧ್ಯಾಹ್ನ ಅಲ್ಲಿ ಬಾಡೂಟ, ಎಣ್ಣೆ, ಆಮೇಲೆ ಅಂದರ್-ಬಾಹರ್ ಇಸ್ಪೀಟು. ಬೆಂಗಳೂರಿನಿಂದಲೂ ಕಾರುಗಳು ಬರುತ್ತಿದ್ದವು. ದೊಡ್ಡವರು ಸೋತರೆ ನಗುತ್ತಾರೆ, ಚಿಕ್ಕವರು ಸೋತರೆ ಮನೆಯವರು ಸ್ಟೇಷನ್ನಿಗೆ ಬರುತ್ತಾರೆ. ರೇಷ್ಮೆ ನೂಲು ಬಿಚ್ಚುವ ಫಿರೋಜಾ ಹಾಗೆಯೇ ಬಂದಿದ್ದಳು. ಗಂಡ ಗೂಡು ತರಲು ಇಟ್ಟಿದ್ದ ಹಣವನ್ನು ತೋಟದಲ್ಲಿ ಕಳೆದು ಬಂದಿದ್ದ. ಬಿಸಿನೀರಿನಲ್ಲಿ ಬೆಂದ ಬೆರಳುಗಳನ್ನು ಮೇಜಿನ ಮೇಲಿಟ್ಟು, ‘ಸಾಬ್, ಅದೊಂದು ಅಡ್ಡೆ ಮುಚ್ಚಿಸಿ. ನಮ್ಮನೇಲಿ ಒಲೆ ಹತ್ತಿ ಎಷ್ಟೋ ದಿನ ಆಯ್ತು’ ಅಂದಳು. ಬಾಗಿಲಲ್ಲಿ ನಿಂತಿದ್ದ ಬೋರಣ್ಣನೂ ಅದನ್ನು ಕೇಳಿಸಿಕೊಂಡರು.

ಮೊದಲ ದಾಳಿಗೆ ಹೋದಾಗ ತೋಟದ ಮನೆಯಲ್ಲಿ ಹಾಸಿದ ಜಮಖಾನ ಇತ್ತು, ಇನ್ನೂ ಆರದ ಟೀ ಇತ್ತು, ಒಂದು ನರಪಿಳ್ಳೆ ಇರಲಿಲ್ಲ. ಎರಡನೆಯ ಸಲ ಒಲೆಯ ಮೇಲೆ ಮಟನ್ ಸಾರು ಕೊತಕೊತ ಕುದಿಯುತ್ತಿತ್ತು, ಸೌಟು ತಪ್ಪಲೆಯೊಳಗೇ ಇತ್ತು, ಮನುಷ್ಯರು ಮಾತ್ರ ಮಾಯ. ಎರಡನೆಯ ದಾಳಿಗೆ ಮುಂಚೆ ಸಾಹೇಬರು ಎಲ್ಲರ ಫೋನನ್ನೂ ಇಸಿದುಕೊಂಡು ಬೀರುವಿಗೆ ಹಾಕಿ ಬೀಗ ಜಡಿದಿದ್ದರು. ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಹೇಳಿದ್ದೂ ಗಾಡಿ ದೊಡ್ಡ ರಸ್ತೆಗೆ ಬಂದ ಮೇಲೆಯೇ. ಆದರೂ ಹಕ್ಕಿ ಹಾರಿಹೋಗಿತ್ತು.

ಮಾರನೆಯ ದಿನ ಸಾಹೇಬರು ನನ್ನೊಬ್ಬಳನ್ನೇ ಒಳಗೆ ಕರೆದರು.

‘ಚೈತ್ರಾ, ಫೋನ್ ಯಾರ ಹತ್ತಿರಾನೂ ಇರಲಿಲ್ಲ. ದಾರಿಯಲ್ಲಿ ಗಾಡಿಯಿಂದ ಇಳಿದವರು ಯಾರು?’

‘ಯಾರೂ ಇಲ್ಲ ಸರ್. ಬೋರಣ್ಣ ನಿಂಬೆಹಣ್ಣಿಗೆ ಇಳಿದಿದ್ದು ಅಷ್ಟೆ.’

‘ಅಷ್ಟೆ ಅಲ್ಲ. ಅದೇ.’ ಮೇಜಿನ ಮೇಲಿದ್ದ ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಬೋರಣ್ಣನನ್ನು ಅಮಾನತು ಮಾಡಲು ಮೇಲಿನವರಿಗೆ ಬರೆದ ವರದಿ. ‘ಸಹಿ ಒಂದು ಬಾಕಿ. ಅಲ್ಲಿ ಇಳಿದಾಗ ಯಾರಿಗೋ ಹೇಳ್ತಾರೆ. ಮುಂದಿನ ಸಲ ನೀವು ಜ್ವರ ಅಂತ ರಜೆ ಹಾಕಿ, ಗುಡಿ ಹತ್ತಿರ ಕೂತು ನೋಡಿ.’

ನಿವೃತ್ತಿಗೆ ಒಂದು ಬೇಸಿಗೆ ಕಳೆಯುವುದಷ್ಟೇ ಬಾಕಿ ಇದ್ದ ಮನುಷ್ಯ. ಈಗ ಅಮಾನತಾದರೆ ಪೆನ್ಷನ್ನಿಗೆ ಅಲೆಯುವುದು ಹಾಗಿರಲಿ, ಜೀವಮಾನವಿಡೀ ಗಳಿಸಿದ ಹೆಸರು ಒಂದೇ ದಿನಕ್ಕೆ ಮಣ್ಣುಪಾಲು. ಆದರೆ ನನ್ನ ಕಾಯಿಲೆ ಸುಮ್ಮನಿರಬೇಕಲ್ಲ! ಮದುವೆ ಛತ್ರದ ಬಂದೋಬಸ್ತಿನಲ್ಲಿ ಅಶೋಕ್ ಇಷ್ಟು ಜನ ಪೊಲೀಸರ ನಡುವೆ ಬೋರಣ್ಣನ ಹೆಗಲ ಮೇಲೆ ಕೈ ಹಾಕಿ ‘ಊಟ ಆಯ್ತೇನಣ್ಣ?’ ಅಂದದ್ದು ನೆನಪಾಯಿತು. ಓಟು ಕೇಳುವವನು ಯಾರ ಹೆಗಲ ಮೇಲಾದರೂ ಕೈ ಹಾಕುತ್ತಾನೆ, ಅದು ಬೇರೆ ಮಾತು. ನೆನಪಾದದ್ದಂತೂ ನಿಜ.

ಅವತ್ತಿನಿಂದ ಹಿಂಬಾಲಿಸಿದೆ. ಬೋರಣ್ಣ ಡ್ಯೂಟಿ ಮುಗಿಸಿ ಮನೆಗೆ ಹೋಗುವಾಗ ಹೂವಿನ ಅಂಗಡಿಯ ಹತ್ತಿರ ನಿಲ್ಲುತ್ತಿದ್ದರು, ಚಿಕ್ಕ ಪೊಟ್ಟಣ ಕೊಡುತ್ತಿದ್ದರು. ಪೊಟ್ಟಣ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾದವು. ಒಂದು ಸಂಜೆ ಮಲ್ಲಿಗೆ ಕೊಳ್ಳುವ ನೆಪದಲ್ಲಿ ಹೋಗಿ ನೋಡಿದರೆ ನೋವಿನ ಮಾತ್ರೆ. ನಾಗಲಕ್ಷ್ಮಮ್ಮನ ಗಂಡ ಮುನಿರಾಮಯ್ಯನ ಕುಂಟುಗಾಲಿಗಂತೆ.

‘ಅವ್ರ ಕಾಲಿಗೆ ಏನಾಗಿತ್ತಮ್ಮ?’ ಅಂದೆ.

‘ನಿಮ್ಮೋರೇ ಮುರುದ್ರಲ್ಲವ್ವ!’ ಅಂದಳು ಹೂವು ಕಟ್ಟುತ್ತಲೇ. ‘ಬಾಡೂಟದ ಅಡುಗೆಗೆ ಹೋಗಿದ್ದ. ಎಲೆ ಆಡ್ತಿದ್ದೋರೆಲ್ಲ ಗೋಡೆ ನೆಗೆದ್ರು. ಒಲೆ ಮುಂದೆ ಕೂತಿದ್ದ ಇವ್ನು ಎದ್ದು ಓಡಾಕಾಯ್ತದಾ? ಇವ್ನಿಗೇ ಬಿತ್ತು.’

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಮಳೆ ಬಂತು ಅನ್ನುವ ಹಾಗೆ ಹೇಳಿದಳು. ಎಷ್ಟೋ ವರ್ಷದ ಹಿಂದಿನ ಮಾತು, ನಾನಿನ್ನೂ ಕೆಲಸಕ್ಕೆ ಸೇರಿರಲಿಲ್ಲ. ಆ ದಿನದ ಜೀಪು ಓಡಿಸಿದ್ದು ಬೋರಣ್ಣ ಅಂತ ಆಮೇಲೆ ತಿಳಿಯಿತು.

ಮೂರನೆಯ ದಾಳಿಯ ಭಾನುವಾರ ನನಗೆ ಜ್ವರ ಬಂತು. ಚೂಡಿದಾರ್ ಹಾಕಿಕೊಂಡು ಗುಡಿಯ ಎದುರಿನ ಬೇಕರಿಯಲ್ಲಿ ಬೆನ್ನು ತಿರುಗಿಸಿ ಕೂತೆ. ಗೋಡೆಯ ಕನ್ನಡಿಯಲ್ಲಿ ಗುಡಿ ಚೆನ್ನಾಗಿ ಕಾಣುತ್ತಿತ್ತು. ಜೀಪು ಬಂತು, ಬೋರಣ್ಣ ಇಳಿದರು, ನಿಂಬೆಹಣ್ಣು ತೆಗೆದುಕೊಂಡರು, ಚಿಲ್ಲರೆ ಕೊಟ್ಟರು. ಒಂದು ಮಾತಿಲ್ಲ, ಒಂದು ಸನ್ನೆಯಿಲ್ಲ. ಚಕ್ರದ ಕೆಳಗಿಟ್ಟು ಗಾಡಿ ಹತ್ತಿಸಿ ಹೊರಟುಹೋದರು. ನನಗೆ ಎಷ್ಟು ಸಮಾಧಾನವಾಯಿತು ಅಂದರೆ ಎರಡು ಬನ್ನು ತಿಂದೆ.

ಎರಡನೆಯ ಬನ್ನು ಬಾಯಲ್ಲಿರುವಾಗಲೇ ನಾಗಲಕ್ಷ್ಮಮ್ಮ ಫೋನ್ ಎತ್ತಿದಳು. ಹಣ ಕೊಡುವ ನೆಪದಲ್ಲಿ ಎದ್ದು ರಸ್ತೆ ದಾಟಿ ಗುಡಿಯ ಮುಂದೆ ಕಣ್ಣುಮುಚ್ಚಿ ನಿಂತೆ.

‘ಎಲ್ಲಿದ್ದೀಯ? ಬಂದ್ಬುಡು. ನಂಗೆ ಯಾಕೋ ತಲೆ ಸುತ್ತತೈತೆ... ಅದು ಬೇಯ್ಲಿ ಇಲ್ಲ ಸೀದೋಗ್ಲಿ, ಈಗ್ಲೇ ಹೊರಡು ಅಂದ್ರೆ!’

ಸ್ವಲ್ಪ ಹೊತ್ತಿಗೆ ಮುನಿರಾಮಯ್ಯ ಟಿವಿಎಸ್ ಮೇಲೆ ಬಂದ. ತಲೆಗೆ ಟವೆಲ್ಲು, ಮೈಯೆಲ್ಲ ಮಸಾಲೆಯ ವಾಸನೆ. ಕಾಲು ಊರಲು ಕಷ್ಟಪಟ್ಟು ಇಳಿದು, ‘ತಲೆಸುತ್ತು ಹೆಂಗೈತೆ?’ ಅಂದ. ‘ಹೋಯ್ತು ಬುಡು’ ಅಂದಳು ನಾಗಲಕ್ಷ್ಮಮ್ಮ.

ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಮುನಿರಾಮಯ್ಯ ಈಗ ಅಡುಗೆ ಮಾಡುತ್ತಿದ್ದದ್ದು ಅಶೋಕನ ತೋಟದಲ್ಲಿ. ಬೋರಣ್ಣ ನಾಲ್ಕು ನಿಂಬೆಹಣ್ಣು ಕೊಂಡರೆ ಇವತ್ತು ದಾಳಿ ಅಂತ ಹೂವಿನವಳಿಗೆ ಗೊತ್ತು. ಎಲ್ಲಿಗೆ ಅಂತ ಗೊತ್ತಿಲ್ಲ, ಆದರೂ ಗಂಡನ ಉಳಿದ ಕಾಲಿನ ಚಿಂತೆ. ಕರೆಸಿಕೊಳ್ಳುತ್ತಾಳೆ. ಅವನು ಯಾರಿಗೂ ಏನೂ ಹೇಳುವುದಿಲ್ಲ. ಆದರೆ ಕುದಿಯುವ ಸಾರು ಬಿಟ್ಟು ಅಡುಗೆಯವನೇ ಎದ್ದು ಹೋದರೆ, ಎಲೆ ಹಿಡಿದು ಕೂತವರಿಗೆ ಬೇರೆ ಯಾವ ಸೈರನ್ ಬೇಕು? ನಮ್ಮ ಜೀಪು ಮುಟ್ಟುವಷ್ಟರಲ್ಲಿ ತೋಟ ಖಾಲಿ. ಅವತ್ತಂತೂ ತಟ್ಟೆಯಲ್ಲಿ ಎಲೆ ಅಡಿಕೆ ಬಾಳೆಹಣ್ಣು ಇಟ್ಟು ಹೋಗಿದ್ದರಂತೆ. ‘ರವಿಕೆ ಕಣ ಒಂದು ಮರೆತವ್ರೆ’ ಅಂದ ನಮ್ಮ ಪೇದೆ ಅಕ್ರಮ್.

ಸಂಜೆ ಬೋರಣ್ಣ ಬಕೆಟ್ಟಿನಲ್ಲಿ ನೀರು ಇಟ್ಟುಕೊಂಡು ಜೀಪು ಒರೆಸುತ್ತಿದ್ದರು. ಯಾರೂ ಇಲ್ಲದ್ದು ನೋಡಿ ಹೋಗಿ ಎಲ್ಲ ಹೇಳಿದೆ. ಸಾಹೇಬರು ವರದಿ ಬರೆದಿಟ್ಟದ್ದನ್ನೂ ಹೇಳಿದೆ. ಬಟ್ಟೆ ಹಿಂಡುತ್ತಿದ್ದ ಅವರ ಕೈ ನಿಂತಿತು.

‘ಹಂಗಾ?’ ಅಂದರು.

‘ನಿಮ್ಮ ತಪ್ಪೇನೂ ಇಲ್ಲ ಬೋರಣ್ಣ. ನಿಮ್ಮ ಭಕ್ತಿನೇ ನಿಮಗೆ ಮುಳುವಾಗಿದೆ. ನಾಗಲಕ್ಷ್ಮಮ್ಮನ ಹೆಸರು ನಾನು ಎತ್ತಲ್ಲ. ಮುಂದಿನ ಸಲ ಹಿಂದಿನ ಗೇಟಿಂದ ಹೋಗೋಣ, ನಿಂಬೆಹಣ್ಣು ಬೇಡ. ಅಶೋಕ್ ಸಿಕ್ಕಿಬಿದ್ದರೆ ನಿಮ್ಮ ಹೆಸರಿಗೆ ಅಂಟಿದ ಕೊಳೆ ತೊಳೆದುಹೋಗುತ್ತೆ.’

ಅವರು ಒರೆಸಿದ ಬಾಗಿಲನ್ನೇ ಮತ್ತೆ ಒರೆಸಿದರು. ನಿಂಬೆಹಣ್ಣಿಲ್ಲದೆ ಗಾಡಿ ಓಡಿಸುವ ಭಯ ಅಂತ ನಾನು ಅಂದುಕೊಂಡೆ. ಕತ್ತಲಾಗುವ ಮುಂಚೆ ನನ್ನ ಹತ್ತಿರ ಬಂದು, ‘ಆಗ್ಲಿ ಕಣವ್ವ. ಹೆಸ್ರು ಕೆಡಿಸ್ಕೊಂಡು ಊರಿಗೆ ಹೋಗಕಾಗಲ್ಲ’ ಅಂದು ಬಕೆಟ್ಟು ಎತ್ತಿಕೊಂಡು ಹೋದರು.

ಸಾಹೇಬರಿಗೆ ನಾನು ಹೇಳಿದ್ದು ಇಷ್ಟೇ: ಮುಂದಿನ ಗೇಟನ್ನು ಯಾರೋ ಕಾಯುತ್ತಿದ್ದಾರೆ ಸರ್, ಹಿಂದಿನಿಂದ ಹೋಗೋಣ. ಯಾರು ಅಂದರು. ಗೊತ್ತಾಗಲಿಲ್ಲ ಅಂದೆ. ಡ್ರೈವರನ್ನು ಬದಲಾಯಿಸುತ್ತೇನೆ ಅಂದರು. ‘ಬೇಡ ಸರ್, ಅವರೇ ಓಡಿಸಲಿ. ಅವರು ಓಡಿಸಿದ ಗಾಡಿಯಲ್ಲೇ ಅಶೋಕ್ ಸಿಕ್ಕರೆ ಆ ವರದಿ ಹರಿದುಹಾಕ್ತೀರಾ?’ ಅಂತ ಕೇಳಿದೆ. ಅವರು ನನ್ನ ಮುಖವನ್ನು ಒಂದು ಥರಾ ನೋಡಿ ಆಗಲಿ ಅಂದರು. ಆ ನೋಟದಲ್ಲಿ ನನ್ನ ಮೇಲೂ ಚೂರು ಅನುಮಾನ ಇತ್ತು.

ನಾಲ್ಕನೆಯ ದಾಳಿ. ಹಿಂದಿನ ಗೇಟು, ಕೆರೆ ಏರಿಯ ಮಣ್ಣು ದಾರಿ. ಬೋರಣ್ಣ ಗೇರು ಹಾಕುವಾಗ ಒಂದೆರಡು ಸಲ ಕರಕರ ಅಂತು. ಇಷ್ಟು ವರ್ಷದಲ್ಲಿ ಅವರ ಕೈಯಲ್ಲಿ ಗೇರು ಸದ್ದು ಮಾಡಿದ್ದು ನಾನು ಕೇಳಿರಲಿಲ್ಲ. ದಾರಿಯಲ್ಲಿ ಟಗರು ಹಿಡಿದುಕೊಂಡು ನಿಂತಿದ್ದವನೊಬ್ಬ ಧೂಳಿನೊಳಗಿಂದ ‘ಯಾವ್ ಪಿಚ್ಚರ್ ಶೂಟಿಂಗ್ ಸಾ?’ ಅಂತ ಕೂಗಿದ. ನಮ್ಮ ರಾಮನಗರದ ಬಂಡೆಗಳ ಮೇಲೆ ನಕಲಿ ಪೊಲೀಸರನ್ನು ನೋಡೀ ನೋಡೀ ಜನ ಅಸಲಿಯವರನ್ನು ನಂಬುವುದೇ ಇಲ್ಲ.

ಆ ಮಧ್ಯಾಹ್ನ ನಾವು ಸಿನಿಮಾದವರಿಗೆ ಏನೂ ಕಡಿಮೆ ಇರಲಿಲ್ಲ ಅನ್ನಿ. ಗಾಡಿ ತೋಟದ ಗೇಟನ್ನು ತಳ್ಳಿಕೊಂಡೇ ಒಳಗೆ ನುಗ್ಗಿತು. ಜಮಖಾನದ ಮೇಲೆ ಎಲೆ, ನೋಟು, ಜನ, ಎಲ್ಲ ಹಾಗೇ ಇತ್ತು. ಒಬ್ಬ ಕೃಷಿ ಹೊಂಡಕ್ಕೆ ನೆಗೆದು ಈಜು ಬರುವುದಿಲ್ಲ ಅಂತ ಅರಚಿದ. ಇನ್ನೊಬ್ಬ ಮಾವಿನ ಮರ ಹತ್ತಿ ಕೂತ. ಅಶೋಕ್ ಬೇಲಿ ಹಾರಲು ಹೋಗಿ ಅವನ ಬಿಳಿ ಪಂಚೆ ಮುಳ್ಳುತಂತಿಗೆ ಸಿಕ್ಕಿಕೊಂಡಿತು. ಯುವ ನಾಯಕ ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತಿದ್ದ. ನಾನೇ ಕೈ ಹಿಡಿದೆ. ‘ಯಾರ್ನ ಹಿಡಿದಿದ್ದೀಯ ಗೊತ್ತೇನಮ್ಮ?’ ಅಂದ. ‘ಪಂಚೆ ಉಟ್ಕೊಂಡು ಮಾತಾಡಿ ಸರ್’ ಅಂದೆ. ಖುಷಿಯಾಗಿತ್ತು ನನಗೆ, ಯಾಕೆ ಸುಳ್ಳು ಹೇಳಲಿ.

ಆಗ ಮನೆಯ ಹಿಂದಿನಿಂದ ಕೂಗು ಕೇಳಿಸಿತು.

ಓಡಿದೆ. ನನಗಿಂತ ಮುಂಚೆ ಬೋರಣ್ಣ ಓಡುತ್ತಿದ್ದರು. ಗಾಡಿ ಬಿಟ್ಟು ಕದಲದ ಮನುಷ್ಯ ಬಾಗಿಲನ್ನೂ ಹಾಕದೆ ಓಡುತ್ತಿದ್ದರು. ಒಲೆಯ ಪಕ್ಕ ಮುನಿರಾಮಯ್ಯ ಬಿದ್ದಿದ್ದ, ಕೈಯಲ್ಲಿ ಇನ್ನೂ ಸೌಟು. ನಮ್ಮ ತಂಡದ ಪೇದೆಯೊಬ್ಬ ಅವನ ಕಾಲಿಗೆ ಲಾಠಿ ಬೀಸುತ್ತಿದ್ದ.

‘ಅಡುಗೆಯವ್ನು ಕಣ್ಲಾ! ಬುಡ್ಲಾ ಅವನ್ನ!’ ಬೋರಣ್ಣ ಮುನಿರಾಮಯ್ಯನ ಮೇಲೆ ಬಿದ್ದು ಅಡ್ಡ ಬಂದರು. ಕೊನೆಯ ಏಟು ಅವರ ಬೆನ್ನಿಗೇ ಬಿತ್ತು. ಅಷ್ಟರಲ್ಲಿ ಮುನಿರಾಮಯ್ಯನ ಇನ್ನೊಂದು ಕಾಲೂ ಊದಿಕೊಳ್ಳುತ್ತಿತ್ತು.

ನನಗೆ ಆಗ ಹೊಳೆಯಿತು. ಸುದ್ದಿ ಮುಟ್ಟಲಿಲ್ಲ ಅಂದರೆ ಯಾರಿಗೂ ಮುಟ್ಟಲಿಲ್ಲ. ಅಡುಗೆಯವನಿಗೂ ಮುಟ್ಟಲಿಲ್ಲ. ನನ್ನ ಜಾಣತನದ ಲೆಕ್ಕದಲ್ಲಿ ಅವನು ಇರಲೇ ಇಲ್ಲ.

ಸ್ಟೇಷನ್ನಿಗೆ ಬಂದ ಸ್ವಲ್ಪ ಹೊತ್ತಿಗೆ ಸಾಹೇಬರಿಗೆ ಮೇಲಿಂದ ಫೋನು ಬಂತು. ಬಾಗಿಲು ಹಾಕಿಕೊಂಡರು. ಮತ್ತೆ ಫೋನು, ಮತ್ತೆ ಫೋನು. ಬಾಗಿಲು ತೆರೆದಾಗ ಇಸ್ತ್ರಿ ಮಾಡಿದ ಮುಖ ಮುದುರಿಹೋಗಿತ್ತು. ಅಶೋಕ್ ತಲೆ ಬಾಚಿಕೊಂಡು, ಯಾರೋ ತಂದುಕೊಟ್ಟ ಹೊಸ ಪಂಚೆ ಉಟ್ಟುಕೊಂಡು, ಮುಂದಿನ ಬಾಗಿಲಿನಿಂದಲೇ ಹೊರಟುಹೋದ. ಕಾರಿನವರೆಲ್ಲ ಹೋದರು. ಇಷ್ಟು ದೊಡ್ಡ ದಾಳಿ ಆದ ಮೇಲೆ ಕೇಸಿಗೆ ಒಬ್ಬ ಮೊದಲನೆಯ ಆರೋಪಿ ಬೇಕಲ್ಲ? ಮುನಿರಾಮಯ್ಯ ಇದ್ದ. ಅಡ್ಡೆ ನಡೆಸುತ್ತಿದ್ದವ ಅವನೇ ಅಂತಾಯಿತು. ಸೌಟು ಬೀಸಿ ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ ಅಂತಲೂ ಸೇರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಅದನ್ನು ನಮ್ಮ ಸ್ಟೇಷನ್ನಿನಲ್ಲಿ ಕಣ್ಣಾರೆ ನೋಡಿದೆ.

‘ನನ್ನ ಕೈಯಲ್ಲಿ ಏನೂ ಇಲ್ಲ ಚೈತ್ರಾ’ ಅಂದರು ಸಾಹೇಬರು. ಆಮೇಲೆ ಬೋರಣ್ಣನನ್ನು ಕರೆದು, ‘ನಿಮ್ಮ ಮೇಲೆ ಅನುಮಾನಪಟ್ಟಿದ್ದಕ್ಕೆ ಸಾರಿ ಬೋರಲಿಂಗಯ್ಯ. ನಿಮ್ಮ ಹೆಸರು ಕ್ಲಿಯರ್ ಆಯ್ತು’ ಅಂತ ಅವರ ಕಣ್ಣೆದುರೇ ವರದಿ ಹರಿದು ಬುಟ್ಟಿಗೆ ಹಾಕಿದರು. ಬೋರಣ್ಣ ಸೆಲ್ಯೂಟ್ ಹೊಡೆದರು. ಬೆನ್ನು ನೋವಿಗೆ ಕೈ ಪೂರ್ತಿ ಮೇಲೇಳಲಿಲ್ಲ.

ಮಾರನೆಯ ಬೆಳಿಗ್ಗೆ ಆರೋಪಿಯನ್ನು ಕೋರ್ಟಿಗೆ ಕರೆದೊಯ್ದೆವು. ಅಲ್ಲಿನ ಗೇಟಿನಲ್ಲಿ ನಾಗಲಕ್ಷ್ಮಮ್ಮ ನಿಂತಿದ್ದಳು. ಅವಳು ಗಂಡನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಲಿಲ್ಲ. ನೇರ ಡ್ರೈವರ್ ಕಿಟಕಿಗೆ ಬಂದು ಬೋರಣ್ಣನ ಆ ಕಪ್ಪು ಕೈಯನ್ನು ಹಿಡಿದುಕೊಂಡಳು.

‘ಯಾಕಣ್ಣ ಬರ್ಲಿಲ್ಲ ನೀನು?’

ಅಷ್ಟೇ ಕೇಳಿದ್ದು. ಬೋರಣ್ಣ ತಲೆ ತಗ್ಗಿಸಿದರು. ನಿಂಬೆಹಣ್ಣು ಮಾರುವವಳು ಗಿರಾಕಿಯನ್ನು ಹೀಗೆ ಕೇಳುವುದಿಲ್ಲ. ಅಕ್ರಮ್ ಮತ್ತು ಇನ್ನೊಬ್ಬ ಪೇದೆ ಮುನಿರಾಮಯ್ಯನನ್ನು ಹೊತ್ತುಕೊಂಡ ಹಾಗೆ ಒಳಗೆ ಕರೆದೊಯ್ದರು. ನಾಗಲಕ್ಷ್ಮಮ್ಮ ಅವರ ಹಿಂದೆ ಹೋದಳು. ನಾನು ಗಾಡಿಯಲ್ಲೇ ಉಳಿದೆ.

‘ಬೋರಣ್ಣ, ಅವಳು ಗಂಡನ್ನ ಕರೆಸ್ಕೊಳ್ತಾಳೆ ಅಂತ ನಿಮಗೆ ಗೊತ್ತಿತ್ತಾ?’

‘ಗೊತ್ತಿತ್ತು ಕಣವ್ವ.’ ಎಂಜಿನ್ ಆರಿಸಿದರು. ‘ಕನಕಪುರದ ರೋಡಲ್ಲಿ ಆದ್ದು ನಿಜ, ನಿಂಬೆಹಣ್ಣು ಶುರು ಆದ್ದೂ ಅದಕ್ಕೇಯ. ಆದ್ರೆ ಮುಂಚೆ ಮನೆಯಿಂದ ತತ್ತಿದ್ದೆ. ಅವನ ಕಾಲು ಮುರಿದ ದಿನ ಅವನ್ನ ಹಿಂದುಗಡೆ ಸೀಟಲ್ಲಿ ಹಾಕ್ಕೊಂಡು ಬಂದೋನು ನಾನೇ. ದಾರೀಲಿ ಒಂದೇ ಸಮ್ನೆ ಸಾರು ಇಳುಸ್ಬೇಕಿತ್ತು ಸಾ, ಸೀದೋಯ್ತದೆ ಸಾ ಅಂತಿದ್ದ. ಅವತ್ತಿಂದ ಅವಳ ಅಂಗಡೀಲೇ ಇಸ್ಕೋತೀನಿ. ಬಾಯ್ಬುಟ್ಟು ಹೇಳಿಲ್ಲ ನಾನು, ಅವ್ಳೂ ಕೇಳಿಲ್ಲ. ಇಬ್ರಿಗೂ ಗೊತ್ತು.’

‘ಅವನ ಹಿಂದೆ ಅಡ್ಡೆನೂ ಖಾಲಿ ಆಗ್ತಿತ್ತಲ್ಲ ಬೋರಣ್ಣ! ಫಿರೋಜಾ ಬಂದು ಅತ್ತಿದ್ದು ನೀವು ನೋಡ್ಲಿಲ್ವಾ?’ ನನಗೆ ಸಿಟ್ಟು ಬಂದಿತ್ತು. ನಾನು ನಂಬಿದ್ದ ಒಬ್ಬ ಮನುಷ್ಯನೂ ಹೀಗಾದನಲ್ಲ ಅನ್ನುವ ಸಿಟ್ಟು.

‘ನೋಡಿದ್ನಲ್ಲ. ನಿದ್ದೆ ಬತ್ತಿರ್ಲಿಲ್ಲ’ ಅಂದರು. ಗಾಡಿಯ ಕೀ ತೆಗೆದು ನನ್ನ ಕೈಗಿಟ್ಟರು. ಬಾಗಿಲು ತೆರೆದು ಇಳಿದರು. ಟೋಪಿ ಸರಿಮಾಡಿಕೊಂಡು ಕೋರ್ಟಿನ ಮೆಟ್ಟಿಲು ಹತ್ತಿದರು. ನಾನು ಹಿಂದೆ ಓಡಿದೆ.

ಒಳಗೆ ಮ್ಯಾಜಿಸ್ಟ್ರೇಟ್ ಮೇಡಂ ಮುನಿರಾಮಯ್ಯನನ್ನು ಕೇಳುತ್ತಿದ್ದರು: ಪೊಲೀಸರು ಹೊಡೆದರಾ? ಅವನು ನಮ್ಮ ಪೇದೆಯ ಮುಖ ನೋಡಿ ‘ಬಿದ್ದೆ ತಾಯಿ’ ಅಂದ. ಹೊಡೆಸಿಕೊಂಡವರೆಲ್ಲ ಬೀಳುವುದೇ ನಮ್ಮ ಕಡೆ.

‘ಸುಳ್ಳು ತಾಯಿ’ ಅಂದರು ಬೋರಣ್ಣ ಬಾಗಿಲಿನಿಂದ.

ಇಡೀ ಕೋರ್ಟು ತಿರುಗಿ ನೋಡಿತು. ನೀವು ಯಾರು ಅಂದರು ಮೇಡಂ. ಬೋರಣ್ಣ ಹೆಸರು ಹೇಳಿದರು, ಕೈ ಕಟ್ಟಿಕೊಂಡು ನಿಂತರು.

‘ಇವ್ನು ಅಡುಗೆಯವ್ನು ತಾಯಿ. ಅಡ್ಡೆ ಅಶೋಕ್ ಅವ್ರುದು. ನಿನ್ನೆ ಅವ್ರನ್ನ ನನ್ನ ಗಾಡೀಲೇ ಕರ್ಕೊಂಡು ಬಂದ್ವಿ, ಬುಟ್ಟು ಕಳಿಸುದ್ರು. ಇವನ್ನ ಇಟ್ಕೊಂಡ್ರು.’

ಸರ್ಕಾರಿ ವಕೀಲರು ಎದ್ದು, ಈತ ಬರಿಯ ಡ್ರೈವರ್, ಗಾಡಿ ಹತ್ತಿರ ಇರಬೇಕಾದವನು, ಆರೋಪಿ ಅಡುಗೆಯವನೆಂದು ಇವನಿಗೆ ಹೇಗೆ ಗೊತ್ತು ಅಂದರು.

‘ಹೇಗೆ ಗೊತ್ತು?’ ಅಂದರು ಮೇಡಂ ಕೂಡ.

ಒಂದು ಸುಳ್ಳು ಸಾಕಿತ್ತು. ಪಕ್ಕದ ಮನೆಯವನು ಅಂದಿದ್ದರೆ ಸಾಕಿತ್ತು. ನಾನು ಹಿಂದಿನಿಂದ ಅವರ ತೋಳು ಚಿವುಟಿದೆ.

‘ಇವ್ನು ತಪ್ಪಿಸ್ಕೊಳ್ಲಿ ಅಂತ ಪ್ರತಿ ಸಲ ಮುಂಚೆನೇ ಗೊತ್ತಾಗೋ ಹಂಗೆ ಮಾಡ್ತಿದ್ದೋನು ನಾನೇ ತಾಯಿ. ಈ ಸಲ ಮಾಡ್ಲಿಲ್ಲ, ಅದಕ್ಕೇ ಇವ್ನು ಇಲ್ಲಿ ಅವ್ನೆ.’

ಹೇಗೆ ಗೊತ್ತಾಗುವ ಹಾಗೆ ಮಾಡಿದಿರಿ, ಯಾರ ಮೂಲಕ ಅಂತ ಎಷ್ಟು ಕೇಳಿದರೂ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಾಗಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದ್ದಳು.

ಮುನಿರಾಮಯ್ಯನನ್ನು ಆಸ್ಪತ್ರೆಗೆ ಕಳಿಸಿದರು, ಜಾಮೀನೂ ಆಯಿತು. ಮೇಲಿನ ಅಧಿಕಾರಿಯಿಂದ ತನಿಖೆ ಆಗಲಿ ಅಂತ ಆದೇಶವಾಯಿತು. ಅಶೋಕನ ಹೆಸರು ಕೇಸಿಗೆ ಸೇರಿತು. ಸೇರುವಷ್ಟರಲ್ಲಿ ಅವನ ಜೇಬಿನಲ್ಲಿ ಜಾಮೀನು ಇತ್ತು. ಯುಗಾದಿಗೆ ಮತ್ತೆ ಫ್ಲೆಕ್ಸ್ ಎದ್ದಿತು, ಈ ಸಲ ಇನ್ನೂ ದೊಡ್ಡದು. ತೋಟಕ್ಕೆ ಮಾತ್ರ ಬೀಗ ಬಿದ್ದಿದೆ. ಫಿರೋಜಾಳ ಗಂಡ ಭಾನುವಾರ ಮನೆಯಲ್ಲೇ ಇರುತ್ತಾನಂತೆ. ಎಷ್ಟು ದಿನ ಅಂತ ನಾನು ಪಂದ್ಯ ಕಟ್ಟುವುದಿಲ್ಲ. ಪುನೀತ್ ಸಾಹೇಬರಿಗೆ ದೂರದ ಜಿಲ್ಲೆಗೆ ವರ್ಗವಾಯಿತು.

ಬೋರಣ್ಣನನ್ನು ಅವತ್ತೇ ಅಮಾನತು ಮಾಡಿದರು. ನಿವೃತ್ತಿಯ ದಿನ ಹಾರ ಇಲ್ಲ, ಭಾಷಣ ಇಲ್ಲ, ಒಂದು ಲೋಟ ಕಾಫಿಯೂ ಇಲ್ಲ. ‘ಬೇಲಿನೇ ಎದ್ದು ಹೊಲ ಮೇಯ್ದಿತ್ತು ನೋಡಿ’ ಅಂತ ಟೀ ಅಂಗಡಿಯಲ್ಲಿ ಆಡಿಕೊಂಡರು. ಅಶೋಕನಿಂದ ಎಷ್ಟು ತಿಂದಿದ್ದನೋ ಅಂದರು. ಅವರೊಂದಿಗೆ ಒಂದೇ ತಟ್ಟೆಯಲ್ಲಿ ಉಂಡ ನಮ್ಮವರೂ ಅಂದರು. ಇಲಾಖಾ ವಿಚಾರಣೆಯಲ್ಲಿ ನನ್ನನ್ನೂ ಕರೆದರು. ಬೋರಣ್ಣ ಬೇಕೆಂದೇ ಮಾಡಿದರೇ ಅಂತ ಕೇಳಿದರು. ಹೌದು ಸರ್ ಅಂದೆ. ನಿಜವನ್ನೇ ಹೇಳಿ ಹೊರಗೆ ಬಂದರೂ ಸುಳ್ಳು ಹೇಳಿದವಳ ಹಾಗೆ ಮುಖ ತೊಳೆದುಕೊಂಡೆ.

ವಿಚಾರಣೆಯ ಫಲಿತಾಂಶ ಬಂದ ವಾರ ಮಾಗಡಿ ಬಸ್ಸು ಹತ್ತಿ ಕಲ್ಯಕ್ಕೆ ಹೋದೆ. ಬೋರಣ್ಣ ಮನೆ ಮುಂದೆ ಹುರುಳಿ ಕೇರುತ್ತಿದ್ದರು. ಬಲಗೈ ಎಡಗೈ ಎರಡೂ ಈಗ ಒಂದೇ ಬಣ್ಣ. ನನ್ನನ್ನು ನೋಡಿ ಎದ್ದು ಚಾಪೆ ಹಾಸಿದರು, ಒಳಗೆ ಹೋಗಿ ತಾವೇ ಮಜ್ಜಿಗೆ ತಂದರು.

‘ಏನಂತ ಬರುದ್ರವ್ವ ನನ್ನ ಮ್ಯಾಲೆ?’

ಚಾಪೆಯ ಅಂಚಿನ ಎಳೆ ಕೀಳುತ್ತಾ ಹೇಳಿದೆ.

‘ಇಲಾಖೆಗೆ ದ್ರೋಹ ಅಂತ, ಬೋರಣ್ಣ.’

‘ಸರಿಯಾಗೇ ಬರ್ದವ್ರೆ ಬುಡು’ ಅಂದರು. ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದರು. ‘ಮೂರು ಸಲ ಅವನ ಕಾಲು ಉಳಿಸ್ದೆ. ನಾಲ್ಕನೇ ಸಲ ನನ್ನ ಹೆಸ್ರು ಉಳಿಸ್ಕೊಳ್ಳಾಕೆ ಹಿಂದುಗಡೆ ಗೇಟಿಂದ ಹೋದೆ. ಅವ್ನು ಅಲ್ಲೇ ಅವ್ನೆ ಅಂತ ಗೊತ್ತಿದ್ದೇ ಹೋದೆ. ಅದನ್ನ ಬರ್ದವ್ರಾ?’

‘ಇಲ್ಲ ಬೋರಣ್ಣ.’

‘ದ್ರೋಹ ಅಂದ್ರೆ ಅದು ಕಣವ್ವ’ ಅಂದರು.

ನಾನು ಮಜ್ಜಿಗೆಯ ಲೋಟ ಹಿಡಿದುಕೊಂಡು ಕೂತೆ. ಆ ಗೇಟಿನ ದಾರಿ ತೋರಿಸಿದವಳು ನಾನು ಅಂತ ಅವರು ಅವತ್ತೂ ಹೇಳಲಿಲ್ಲ.